ಚಿಲಿಕಾದಲ್ಲಿ ಬಿದಿರ ಗಳ ಹಿಡಿದಿದ್ದವನು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದವಳು ನಾನು. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಕಣ್ಣಿಗೆ ಕಾಣದ್ದನ್ನು ನಂಬಬೇಡಿ, ವಿಚಾರಿಸಿ ನೋಡಿ ಎಂದೇ ಮಕ್ಕಳಿಗೆ ಹೇಳಿಕೊಂಡು ಬಂದವಳು. ಈಗ ನನ್ನದೇ ಕಥೆ ಬರೆಯಲು ಕೂತರೆ ನಾಚಿಕೆಯಾಗುತ್ತದೆ. ನಾಚಿಕೆಗೆ ಅದೊಂದೇ ಕಾರಣವೂ ಅಲ್ಲ.

ಕೆಲವು ವರ್ಷಗಳ ಹಿಂದೆ ನಾನು, ನಮ್ಮ ಯಜಮಾನರು, ಅತ್ತೆ ಗಂಗಮ್ಮ ಪುರಿಗೆ ಹೋಗಿದ್ದೆವು. ಚಿಲಿಕಾ ಸರೋವರ ಅಲ್ಲಿಂದ ಹತ್ತಿರ. ನೋಡಲೇಬೇಕೆಂದು ಹಟ ಹಿಡಿದವಳು ನಾನೇ. ಬೋರ್ಡಿನ ಮೇಲೆ ಅದರ ನಕ್ಷೆಯನ್ನು ಎಷ್ಟೋ ಸಲ ಬರೆದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ವಾಣಿವಿಲಾಸ ಸಾಗರವೇ ದೊಡ್ಡ ನೀರು ಎಂದುಕೊಂಡು ಬೆಳೆದ ನಮಗೆ ಇಲ್ಲಿ ಆಚೆ ದಡವೇ ಕಾಣಲಿಲ್ಲ.

ಬಾಡಿಗೆ ದೋಣಿಯಲ್ಲಿ ಬೇರೆ ಊರಿನ ಪ್ರವಾಸಿಗರೂ ಇದ್ದರು. ದೋಣಿಯವನಿಗೆ ತೆಲುಗು ಬರುತ್ತಿತ್ತು. ಅತ್ತೆಯ ತವರು ಹಿರಿಯೂರಿನಿಂದಾಚೆ, ಆಂಧ್ರದ ಗಡಿಗೆ ಹತ್ತಿರ, ಮನೆಮಾತು ತೆಲುಗು. ಇಬ್ಬರೂ ಹಳೇ ನೆಂಟರ ಹಾಗೆ ಮಾತಿಗೆ ಕೂತರು. ನಾನು ನಮ್ಮವರಿಗೆ ಪಾಠ ಶುರುಮಾಡಿದೆ. ಒಂದು ಕಡೆಯಿಂದ ನದಿಗಳು ಸಿಹಿನೀರು ತರುತ್ತವೆ, ಇನ್ನೊಂದು ಕಡೆ ಸಮುದ್ರ. ನಡುವೆ ಉದ್ದಕ್ಕೂ ಮರಳಿನ ದಿಬ್ಬ, ಅದು ಒಡೆದಿರುವ ಕಡೆ ಅಳಿವೆ. ಉಬ್ಬರದಲ್ಲಿ ಸಮುದ್ರ ಒಳಗೆ ಬರುತ್ತದೆ, ಇಳಿತದಲ್ಲಿ ಸರೋವರದ ನೀರು ಹೊರಗೆ ಹೋಗುತ್ತದೆ. ಅಳಿವೆಯೂ ಒಂದೇ ಕಡೆ ನಿಲ್ಲುವುದಿಲ್ಲ, ಮರಳು ತುಂಬಿದಂತೆಲ್ಲ ಜಾಗ ಬದಲಿಸುತ್ತದೆ. ಹಾಗಾದರೆ ಮೀನುಗಳಿಗೆ ದಾರಿ ಹೇಗೆ ಗೊತ್ತಾಗುತ್ತದೆ ಎಂದು ಅತ್ತೆ ಕೇಳಿದರು.

ಅಳಿವೆ ನೋಡಿಕೊಂಡು ಹೊರಟಾಗ ಮಧ್ಯಾಹ್ನ ಕಳೆದಿತ್ತು. ಇಳಿತ ಜೋರಾಗಿತ್ತು, ದೋಣಿ ಸೆಳವಿಗೆ ಎದುರಾಗಿ ತಿಣುಕುತ್ತಿತ್ತು. ಇಂಜಿನ್ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ದೂರದಲ್ಲಿ ಜೊಂಡು ಬೆಳೆದ ಒಂದು ದಿಣ್ಣೆ ಹಾದುಹೋಯಿತು.

ಅದರ ಹಿಂದೆ ಒಬ್ಬ ಮನುಷ್ಯ ನೀರಿನಲ್ಲಿದ್ದಾನೆ ಎಂದು ನನಗೆ ಆಗ ತಿಳಿಯಿತು. ಅವನ ಕೈ ಸೋಲುತ್ತಿದೆ ಎಂದೂ ತಿಳಿಯಿತು. ಕೂಗು ಕೇಳಿಸಲಿಲ್ಲ, ಏನೂ ಕಾಣಿಸಲಿಲ್ಲ. ಅಡುಗೆಮನೆಯಲ್ಲಿರುವಾಗ ಪಡಸಾಲೆಯಲ್ಲಿ ಯಾರೋ ಕೂತಿದ್ದಾರೆಂದು ನೋಡದೆಯೇ ಗೊತ್ತಿರುತ್ತದಲ್ಲ, ಹಾಗೆ. ಎದ್ದು ನಿಂತು, ಆ ದಿಣ್ಣೆಯ ಹಿಂದೆ ಯಾರೋ ಮುಳುಗುತ್ತಿದ್ದಾರೆ, ದೋಣಿ ತಿರುಗಿಸಿ ಎಂದೆ.

"ಏನಾತು ನಿಂಗೆ? ಕುಂತ್ಕ, ಜನ ನೋಡ್ತಾರೆ," ಎಂದು ನಮ್ಮವರು ಸೆರಗು ಹಿಡಿದು ಎಳೆದರು.

ಅತ್ತೆ ಮಾತ್ರ ನನ್ನ ಮುಖವನ್ನೇ ನೋಡಿ, ದೋಣಿಯವನಿಗೆ ತೆಲುಗಿನಲ್ಲಿ ಹೇಳಿದರು. ಅವನು ಒಪ್ಪಲಿಲ್ಲ. ಅಲ್ಲೆಲ್ಲ ಬಲೆ ಕಟ್ಟಿದ್ದಾರೆ, ಅದಕ್ಕೆ ಸಿಕ್ಕಿ ಇಂಜಿನ್ ನಿಂತರೆ ಸೆಳವು ಎಲ್ಲರನ್ನೂ ಅಳಿವೆಗೆ ಒಯ್ಯುತ್ತದೆ ಎಂದನಂತೆ. ತನ್ನ ಸೊಸೆ ಸುಳ್ಳು ಹೇಳುವವಳಲ್ಲ ಎಂದು ಅತ್ತೆ ಪಟ್ಟುಹಿಡಿದರು. ಮಿಕ್ಕವರು ಬೈಯುತ್ತಿದ್ದಂತೆಯೇ ಅವನು ತಿರುಗಿಸಿದ.

ದಿಣ್ಣೆಯ ಹಿಂದೆ, ಬಲೆ ಕಟ್ಟಲು ನೆಟ್ಟ ಬಿದಿರ ಗಳವನ್ನು ತಬ್ಬಿಕೊಂಡು ಒಬ್ಬ ಮೀನುಗಾರ ಇದ್ದ. ಅವನ ದೋಣಿ ಮಗುಚಿ ಕೊಚ್ಚಿಹೋಗಿತ್ತು. ಮೇಲೆಳೆದುಕೊಂಡಾಗ ಮಾತಾಡಲೂ ಅವನಿಗೆ ಆಗಲಿಲ್ಲ. ದಡ ಸೇರಿದ ಮೇಲೆ ದೋಣಿಯವನು ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದುಕೊಂಡೆ.

ಆಮೇಲೆ ಬೇಕಾದಷ್ಟು ಯೋಚಿಸಿದ್ದೇನೆ. ಹಕ್ಕಿಗಳು ಗಾಬರಿಯಿಂದ ಎದ್ದದ್ದನ್ನು ಕಂಡಿದ್ದೆನೇ? ತೇಲಿಬಂದ ಹಲಗೆಯನ್ನು? ಹೌದು ಎಂದುಬಿಟ್ಟರೆ ಸುಲಭ. ಆದರೆ ಕಂಡಿರಲಿಲ್ಲ.

ನಮ್ಮೂರಾದ ರಾಮಗಿರಿಗೆ ವಾಪಸು ಬಂದ ಮೇಲೆ ಅತ್ತೆ ಇದನ್ನು ಕಂಡವರಿಗೆಲ್ಲ ಹೇಳಿದರು. ಬರಬರುತ್ತಾ ಜನ ಮನೆಗೆ ಬರತೊಡಗಿದರು. ಕಳೆದ ಓಲೆ ಎಲ್ಲಿದೆ, ತಪ್ಪಿಸಿಕೊಂಡ ಎಮ್ಮೆ ಯಾವ ಕಡೆ ಹೋಯಿತು. ನನಗೇನೂ ತಿಳಿಯುವುದಿಲ್ಲ ಎಂದು ಕೈಮುಗಿದು ಕಳಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ತಮಾಷೆ ಮಾಡುವಾಗ ತಲೆ ತಗ್ಗಿಸುತ್ತಿದ್ದೆ.

ಒಂದು ಭಾನುವಾರ ಹತ್ತಿರದ ಹಳ್ಳಿ ಬಿ.ದುರ್ಗದಿಂದ ಸಾವಿತ್ರಮ್ಮ ಎಂಬಾಕೆ ಬಂದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವಳ ಗಂಡ ಪಂಪ್‌ಸೆಟ್ ಮೋಟರ್ ರಿಪೇರಿಗೆಂದು ಚಿತ್ರದುರ್ಗಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಮೋಟರ್ ಅಂಗಡಿಯಲ್ಲೇ ಇತ್ತು. ಪೊಲೀಸರು ಹುಡುಕಿ ಕೈಚೆಲ್ಲಿದ್ದರು. ಅವಳು ಚೀಲದಿಂದ ಅವನ ಅಂಗಿ ತೆಗೆದು ನನ್ನ ಮುಂದಿಟ್ಟಳು. ಅದನ್ನು ಒಗೆದಿಲ್ಲ ಎಂದಳು.

ಅದನ್ನು ಅಲ್ಲೇ ವಾಪಸು ಕೊಡಬಹುದಿತ್ತು. ನಾನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದೆ. ಮಕ್ಕಳಿಗೆ ಅಷ್ಟೆಲ್ಲ ಹೇಳಿದವಳು, ನಡುಮನೆಯಲ್ಲಿ ಯಾರದೋ ಗಂಡನ ಅಂಗಿ ಹಿಡಿದು ಕೂತೆ. ತಿಳಿಯಲಿ ಎಂದು ಬೇಡಿಕೊಂಡೆ ಕೂಡ. ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ. ಪಕ್ಕದ ಮನೆಯ ಮಿಕ್ಸಿ ಸದ್ದು ಕೇಳಿಸಿತು, ಬೆವರಿನ ವಾಸನೆ ಬಂತು. ಮತ್ತೇನೂ ಇಲ್ಲ.

ಕಣ್ಣು ಬಿಟ್ಟಾಗ ಅವಳು ನನ್ನನ್ನೇ ನೋಡುತ್ತಿದ್ದಳು.

"ಅಲ್ಲಿ ಯಾರೋ ಗುರ್ತಿಲ್ದೋರು ಇರೋದು ನಿಮಗೆ ತಿಳೀತಲ್ಲ ಮೇಡಂ. ನಮ್ಮೋರು ಎಲ್ಲಿದಾರಂತ ಯಾಕೆ ತಿಳೀವಲ್ದು?"

ಅಂಗಿಯನ್ನು ಮಡಿಚಿ ಕೊಟ್ಟೆ. ಅವಳು ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, "ಹೋಗ್ಲಿ ಬಿಡ್ರಿ, ಬ್ಯಾಸ್ರ ಮಾಡ್ಕಬ್ಯಾಡ್ರಿ," ಎಂದಳು.

ಅವನು ಇನ್ನೂ ಸಿಕ್ಕಿಲ್ಲ. ಸಾವಿತ್ರಮ್ಮ ಈಗಲೂ ಆಗಾಗ ಬರುತ್ತಾಳೆ. ಏನೂ ಕೇಳುವುದಿಲ್ಲ, ಟೀ ಕುಡಿದು, ಸ್ವಲ್ಪ ಹೊತ್ತು ಕೂತು ಹೋಗುತ್ತಾಳೆ. ಅವಳು ಕೂತಿರುವಷ್ಟು ಹೊತ್ತೂ ನನಗೆ ಅವಳ ಮುಖ ನೋಡಲಾಗುವುದಿಲ್ಲ. ಬರಬೇಡ ಎನ್ನಲೂ ಬಾಯಿ ಬರುವುದಿಲ್ಲ.