ಟೇಪಕ್ಕನ ಮನೆಗೆ ಬಂದ ಗಡಿಯಾರ

ಕುತ್ತಿಗೆಯಲ್ಲಿ ಅಳತೆಯ ಟೇಪು ಇಲ್ಲದೆ ಅವಳನ್ನು ನೋಡಿದವರು ಆ ಬೀದಿಯಲ್ಲಿ ಯಾರೂ ಇಲ್ಲ. ಹಾಗಾಗಿ ಹೆತ್ತವರು ಇಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ ಟೇಪಕ್ಕ ಎಂಬುದೇ ಗಟ್ಟಿಯಾಯಿತು. ಹೊಲಿಗೆ ಅವಳ ಕಸುಬು. ಮಾತು ಖಾರ, ಕೆಲಸ ಅಚ್ಚುಕಟ್ಟು. "ನನ್ನ ಟೇಪು ಸುಳ್ಳು ಹೇಳಲ್ಲ" ಎಂದು ಆಗಾಗ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಅಷ್ಟು ಜಂಬ ಪಡುವ ಹಕ್ಕು ಅವಳಿಗಿತ್ತು ಅನ್ನಿ.

ಹುಟ್ಟಿದಂದಿನಿಂದ ಅವಳು ಬದುಕಿದ್ದೆಲ್ಲ ಬಾಡಿಗೆ ಮನೆಗಳಲ್ಲಿ. ಒಬ್ಬ ಮಾಲೀಕರಿಗೆ ಹೊಲಿಗೆ ಮೆಷೀನಿನ ಸದ್ದು ಆಗದು. ಇನ್ನೊಬ್ಬರ ಮಗಳಿಗೆ ಮದುವೆಯಾಯಿತು, ಅಳಿಯನಿಗೆ ಮನೆ ಬೇಕು. ನೆಪ ಯಾವುದಾದರೇನು, ಗಂಟುಮೂಟೆ ಕಟ್ಟುವುದು ಮಾತ್ರ ತಪ್ಪದು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕು, ಅವರು ಬೇಡವೆನ್ನಬೇಕು. ಹೀಗಾಗಿ ಟೇಪಕ್ಕನ ಮನೆಯಲ್ಲಿ ಇದ್ದದ್ದೆಲ್ಲ ಮಡಚುವಂಥದ್ದೇ, ಮಂಚ, ಮೇಜು, ಕುರ್ಚಿ ಎಲ್ಲವೂ. ಗಂಡನೋ, ಮನೆ ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್. ಊರವರ ಮನೆಗಳನ್ನೆಲ್ಲ ಖಾಲಿ ಮಾಡಿಸಿ, ರಜಾ ದಿನ ಬಂದರೆ ತನ್ನ ಮನೆ ಖಾಲಿ ಮಾಡುತ್ತಿದ್ದ. ಯಾವ ವಸ್ತು ಕಂಡರೂ ಅದು ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂದಷ್ಟೇ ಯೋಚಿಸುವ ಪುಣ್ಯಾತ್ಮ.

ಅಂತೂ ಇಂತೂ ಸ್ವಂತ ಮನೆಯಾಯಿತು. ಮೊದಲ ಮಹಡಿಯಲ್ಲಿ ಒಂದು ಹಾಲ್, ಎರಡು ಕೋಣೆ. ಸಾಮಾನು ಇಳಿಸಿದ ವಾರವೇ ಟೇಪಕ್ಕ ಪಟ್ಟು ಹಿಡಿದಳು. ಹಾಲ್‌ಗೆ ಆಳೆತ್ತರದ, ಹಳೇ ಕಾಲದ, ಲೋಲಕವಿರುವ ಗಡಿಯಾರ ಬೇಕು.

"ಗೋಡೆಗೆ ಒಂದು ಪುಟ್ಟದು ಸಾಲಲ್ವಾ?" ಎಂದ ಗಂಡ.

"ಸಾಲಲ್ಲ. ಕಂಕುಳಲ್ಲಿ ಇಟ್ಕೊಂಡು ಓಡೋಕಾಗದ ವಸ್ತು ಒಂದಾದ್ರೂ ನನ್ನ ಮನೇಲಿ ಇರಬೇಕು. ಇವಳಿನ್ನು ಎಲ್ಲಿಗೂ ಹೋಗಲ್ಲ ಅಂತ ಅದನ್ನ ನೋಡಿದೋರಿಗೆಲ್ಲ ಗೊತ್ತಾಗಬೇಕು. ನನಗೂ ಗೊತ್ತಾಗಬೇಕು ಕಣ್ರೀ."

ಕಣ್ಣು ಮಂಜಾಗಿದ್ದ ಅತ್ತೆ ಮಂಚದ ಮೇಲಿಂದಲೇ ಸೊಸೆಯ ಪಕ್ಷ ವಹಿಸಿದರು. "ಗಂಟೆ ಹೊಡೆಯೋದೇ ತಾರೇ. ಟೈಮೆಷ್ಟು, ಟೈಮೆಷ್ಟು ಅಂತ ಕೇಳಿ ನಿನ್ನ ಹತ್ರ ಬೈಸ್ಕೊಳ್ಳೋದಾದ್ರೂ ತಪ್ಪುತ್ತೆ."

ಹಳೇ ಸಾಮಾನಿನ ಅಂಗಡಿಯಲ್ಲಿ ಅಂಥ ಗಡಿಯಾರಗಳು ಸಾಲಾಗಿ ನಿಂತಿದ್ದವು. ಮುಂದಿದ್ದದ್ದು ಥಳಥಳ ಹೊಳೆಯುತ್ತಿತ್ತು. ಬಾಗಿಲು ತೆರೆದರೆ ಹೊಟ್ಟೆಯೊಳಗೆ ಏನೂ ಇಲ್ಲ, ಬರೀ ಪೆಟ್ಟಿಗೆ. ಅದರ ಪಕ್ಕದ್ದು ಗಂಟೆ ಹೊಡೆದಾಗ ತಟ್ಟೆ ಬಿದ್ದ ಸದ್ದಾಯಿತು. ಟೇಪಕ್ಕ ಮೂಗು ಮುರಿದು ಮುಂದೆ ಹೋದಳು. ಕೊನೆಯಲ್ಲಿ ನಿಂತಿದ್ದ ಕಪ್ಪು ಮರದ ಗಡಿಯಾರವನ್ನು ಯಾರೂ ಒರೆಸಿಯೂ ಇರಲಿಲ್ಲ. ಅದರ ಸೊಂಟದ ಹತ್ತಿರ, ಬೇರೆ ಮರದ ತುಂಡೊಂದನ್ನು ಯಾರೋ ಎಳೆಗೆ ಎಳೆ ಕೂಡುವಂತೆ ಕೂರಿಸಿ ತೇಪೆ ಹಾಕಿದ್ದರು. ಅವಳು ಬೆರಳಾಡಿಸಿದಳು. ಸಂದು ಕಣ್ಣಿಗೆ ಕಂಡಿತೇ ಹೊರತು ಬೆರಳಿಗೆ ಸಿಗಲಿಲ್ಲ.

"ಬಿಸಾಡೋರು ಇಷ್ಟು ಚೆನ್ನಾಗಿ ತೇಪೆ ಹಾಕಲ್ಲ. ಇದನ್ನ ಯಾರೋ ಕೊನೇವರೆಗೂ ಇಟ್ಕೊಳ್ಳೋಕೇ ಇಟ್ಕೊಂಡಿದ್ರು" ಎಂದಳು.

ಅಂಗಡಿಯ ಮುದುಕರು ಲೋಲಕ ತೂಗಿಬಿಟ್ಟು ಗಂಟೆ ಹೊಡೆಸಿದರು. ಆಳವಾದ, ಅವಸರವಿಲ್ಲದ ಸದ್ದು. ಟೇಪಕ್ಕನಿಗೆ ಹಿಡಿಸಿತು. ಕೂಡಲೇ ಕುತ್ತಿಗೆಯಿಂದ ಟೇಪು ತೆಗೆದು, ಗಿರಾಕಿಗೆ ಅಳತೆ ತೆಗೆಯುವಂತೆಯೇ ಭುಜ, ಸೊಂಟ, ಉದ್ದ ಎಲ್ಲ ಹಿಡಿದಳು. ಉದ್ದ ಎಂಬತ್ತಾರು ಇಂಚು. "ಸಂಜೆ ಹೇಳ್ತೀನಿ, ಅಲ್ಲಿವರೆಗೂ ಯಾರಿಗೂ ಕೊಡಬೇಡಿ" ಎಂದು ಮಾತು ತೆಗೆದುಕೊಂಡು ಬಂದಳು.

ಮನೆಯಲ್ಲಿ ಗಡಿಯಾರ ನಿಲ್ಲಬಹುದಾದ ಮೂಲೆ ಒಂದೇ. ಅದರ ಮೇಲೆ ದಪ್ಪನೆಯ ಬೀಮು ಹಾದುಹೋಗಿತ್ತು. ಗಂಡ ತನ್ನ ಕಬ್ಬಿಣದ ಟೇಪನ್ನು ನೆಲದಿಂದ ಬೀಮಿನವರೆಗೆ ಹಿಡಿದು ನೋಡಿದ. ಎಂಬತ್ತೈದು.

"ಒಂದಿಂಚು ಜಾಸ್ತಿ ಆಯ್ತಲ್ಲೇ. ತಲೆ ಮೇಲಿನ ಕಟ್ಟು ಕೊಯ್ಸಿಬಿಡೋಣ್ವಾ?"

"ಗಿರಾಕಿ ಉದ್ದ ಇದ್ದಾರೆ ಅಂತ ನಾನು ಅವರ ತಲೆ ಕೊಯ್ತೀನಾ?"

ಇನ್ನೊಮ್ಮೆ ಅಳೆದು ಬಾ ಎಂದು ಗಂಡ ಹೇಳಲಿಲ್ಲ. ಟೇಪಕ್ಕನ ಟೇಪನ್ನು ಅನುಮಾನಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ. ಅವನೇ ಅಂಗಡಿಗೆ ಫೋನು ಮಾಡಿ ಬೇಡವೆಂದುಬಿಟ್ಟ. ಯಾರೋ ಹೋಟೆಲಿನವರು ಅದನ್ನೇ ಕೇಳುತ್ತಿದ್ದಾರೆ, ಅವರಿಗೆ ಕೊಡುತ್ತೇನೆ ಎಂದರು ಮುದುಕರು. ಟೇಪಕ್ಕ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಸ್ವಂತ ಮನೆಗೆ ಬಂದಮೇಲೂ ಮಡಚುವ ಸಾಮಾನಿನಲ್ಲೇ ಬದುಕಬೇಕಲ್ಲ ಎಂದು ಅವಳಿಗೆ ನಿಜಕ್ಕೂ ಅಳು ಬಂತು.

ಅಳುತ್ತಾ ಕೂರುವ ಜಾತಿಯಲ್ಲ ಅವಳು. ಕಿಟಕಿಗೆ ಪರದೆ ಹೊಲಿಯೋಣವೆಂದು ಎದ್ದಳು. ಅತ್ತೆ ಟೇಪಿನ ಒಂದು ತುದಿ ಹಿಡಿದರು. ಟೇಪಕ್ಕ ಇನ್ನೊಂದು ತುದಿ ಇಳಿಬಿಟ್ಟು, "ನಲವತ್ತೆಂಟು" ಎಂದವಳು, ಬಟ್ಟೆಯ ಮೇಲೆ ಐವತ್ತಕ್ಕೆ ಗುರುತು ಹಾಕುತ್ತಾ "ಐವತ್ತು" ಎಂದು ಗೊಣಗಿದಳು.

ಅತ್ತೆಯ ಕಣ್ಣು ಮಂಜು, ಕಿವಿಯಲ್ಲ. "ಈಗ ತಾನೇ ನಲವತ್ತೆಂಟು ಅಂದೆ. ಕಿಟಕಿ ಏನು ಬೆಳೆಯೋ ಮಗುವೇನೇ?"

"ಅಯ್ಯೋ ಅತ್ತೆ, ಅಂಚು ಮಡಚೋಕೆ, ಮಡಿಕೆಗೆ ಎರಡಿಂಚು ಬಿಡಬೇಡ್ವಾ? ನಾನು ಯಾವುದನ್ನ ಅಳೆದ್ರೂ ಎರಡು ಸೇರಿಸೇ..."

ಮಾತು ಅಲ್ಲಿಗೇ ನಿಂತಿತು. ಟೇಪು ಸುಳ್ಳು ಹೇಳಿರಲಿಲ್ಲ. ಇಷ್ಟು ವರ್ಷ ಬಟ್ಟೆ ಕತ್ತರಿಸಿದ ತಲೆ, ಮರದ ಗಡಿಯಾರಕ್ಕೂ ಮಡಿಕೆಗೆಂದು ಎರಡಿಂಚು ಬಿಟ್ಟಿತ್ತು!

ಕತ್ತರಿಯನ್ನು ಅಲ್ಲೇ ಎಸೆದು ಅವಳು ಕಾಲಿಗೆ ಬುದ್ಧಿ ಹೇಳಿದಳು. "ರೀ, ವ್ಯಾನ್ ತಗೊಂಡು ಅಂಗಡಿ ಹತ್ರ ಬನ್ನಿ!" ಎಂಬ ಕೂಗು ಮೆಟ್ಟಿಲ ಕೆಳಗಿನಿಂದ ಬಂತು.

ಅಂಗಡಿಯಲ್ಲಿ ಹೋಟೆಲಿನವರ ಆಳುಗಳು ಆಗಲೇ ಗಡಿಯಾರಕ್ಕೆ ಹಗ್ಗ ಸುತ್ತುತ್ತಿದ್ದರು.

"ನಿಲ್ಲಿ! ಅಂಗಡಿಯವರೇ, ಮೊದಲು ಮಾತು ಕೊಟ್ಟಿದ್ದು ಯಾರಿಗೆ?"

"ನಿಮ್ಮವರೇ ಬೇಡ ಅಂದ್ರಲ್ಲಮ್ಮ."

"ಬೇಡ ಅಂದಿದ್ದು ಅಳತೆ. ನಾನಲ್ಲ." ಟೇಪಕ್ಕ ಕುರ್ಚಿ ಹತ್ತಿ ಎಲ್ಲರೆದುರು ಮತ್ತೆ ಅಳೆದಳು. ಈ ಸಲ ಸಂಖ್ಯೆಯನ್ನು ತಾನು ಹೇಳದೆ, ಹಗ್ಗ ಹಿಡಿದವನಿಂದಲೇ ಗಟ್ಟಿಯಾಗಿ ಓದಿಸಿದಳು. ಎಂಬತ್ತನಾಲ್ಕು!

ಪಕ್ಕದಲ್ಲೇ ನಿಂತಿದ್ದ ಹೋಟೆಲಿನವರು ಸಿಡುಕಿದರು. "ಎಷ್ಟಾದ್ರೆ ನಮಗೇನು? ಒಳಗಿನ ಮೆಷೀನೆಲ್ಲ ಕಿತ್ತು ದೀಪ ಹಾಕಿಸೋಕೆ ಎಲೆಕ್ಟ್ರಿಷಿಯನ್‌ಗೂ ಹೇಳಾಯ್ತು. ಇದು ಗಂಟೆ ಹೊಡೀತಾ ಇದ್ರೆ ನಮ್ಮ ರೂಮುಗಳಲ್ಲಿ ಗಿರಾಕಿಗಳು ಮಲಗೋದು ಹೇಗೆ?"

"ನಮ್ಮನೇಲಿ ಅದು ಗಂಟೆ ಹೊಡೀಲಿ ಅಂತಾನೇ ಒಬ್ಬರು ಕಾಯ್ತಾ ಕೂತಿದ್ದಾರೆ" ಎಂದಳು ಟೇಪಕ್ಕ.

ಮುದುಕರು ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಹೋಟೆಲಿನವರ ಕಡೆ ತಿರುಗಿ, "ಸ್ವಾಮಿ, ನಿಮಗೆ ಬೇಕಿರೋದು ಪೆಟ್ಟಿಗೆ. ಕೀಳೋ ಕೆಲಸವೇ ಇಲ್ಲದ್ದು ಮುಂದೆ ನಿಂತಿದೆ, ಥಳಥಳ ಅಂತಿದೆ, ನೋಡಿ" ಎಂದರು. ಹೋಟೆಲಿನವರು ನೋಡಿದರು, ಮೆಚ್ಚಿದರು. ಹಗ್ಗ ಬಿಚ್ಚಿ ಅದಕ್ಕೆ ಕಟ್ಟಿಸಿದರು. ಟೇಪಕ್ಕ ಕಪ್ಪು ಗಡಿಯಾರವನ್ನು ತಬ್ಬಿಕೊಂಡು ನಿಂತವಳು ವ್ಯಾನ್ ಬರುವವರೆಗೂ ಬಿಡಲಿಲ್ಲ.

ಅಂದು ಗಂಡನ ವರಸೆಯೇ ಬೇರೆ. ಊರವರ ಸಾಮಾನು ಹೊತ್ತು ಹೊತ್ತು ಬೇಸತ್ತವನು, ಈ ಗಡಿಯಾರವನ್ನು ಮಗುವಿನಂತೆ ಮೆಟ್ಟಿಲು ಹತ್ತಿಸಿದ. ತಿರುವಿನಲ್ಲಿ ಎಲ್ಲಿ ಓರೆ ಮಾಡಬೇಕು, ಎಲ್ಲಿ ಎತ್ತಬೇಕು ಎಂದು ವ್ಯಾನಿನ ಹುಡುಗರಿಗೆ ಕೂಗುತ್ತಾ, ಗೋಡೆಗೆ ಒಂದು ಗೀರು ಬೀಳದಂತೆ ಮೂಲೆಗೆ ತಂದು ನಿಲ್ಲಿಸಿದ. ಬೀಮಿಗೂ ಗಡಿಯಾರದ ತಲೆಗೂ ನಡುವೆ ಟೇಪಕ್ಕ ಬೆರಳು ತೂರಿಸಿದಳು. ಬೆರಳು ಸಲೀಸಾಗಿ ಹೋಗಿ ಬಂತು. "ಅಳತೆ ಸರಿಯಾಗಿದೆ!" ಎಂದು ಅವಳು ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಅಲುಗದಂತೆ ಗಡಿಯಾರದ ಹಿಂದಿನ ಪಟ್ಟಿಯನ್ನು ಗೋಡೆಗೆ ಸೇರಿಸಿ ಮೊಳೆ ಹೊಡೆಯಬೇಕೆಂದು ಅಂಗಡಿಯವರು ಹೇಳಿ ಕಳಿಸಿದ್ದರು. ಗಂಡ ಸುತ್ತಿಗೆ ಎತ್ತಿದವನು ಹಾಗೇ ನಿಂತ.

"ಗೋಡೆಗೆ ಮೊಳೆ ಕಣೇ. ಓನರ್‌ನ ಒಂದು ಮಾತು ಕೇಳ..."

"ಕೇಳಿ ಮತ್ತೆ."

"ಯಾರನ್ನ?"

"ನನ್ನನ್ನ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ನಕ್ಕ ನಗು ನಿಲ್ಲಲೇ ಇಲ್ಲ. "ಓನರಮ್ಮಾ, ಮೊಳೆ ಹೊಡೀಲಾ?"

"ಹೊಡೀರಿ."

ಮೊಳೆ ಗೋಡೆಯೊಳಗೆ ಹೋಯಿತು. ಟೇಪಕ್ಕ ಮುಳ್ಳು ಸರಿಮಾಡಿ ಲೋಲಕ ತೂಗಿಬಿಟ್ಟಳು. ಗಡಿಯಾರ ಗಂಟೆ ಹೊಡೆಯಿತು. ಅತ್ತೆ ಮಂಚದ ಮೇಲೆ ಬೆರಳು ಮಡಚಿ ಎಣಿಸಿ, "ಆರು ಗಂಟೆ! ಯಾರಿಗಾದ್ರೂ ಟೈಮ್ ಬೇಕಿದ್ರೆ ನನ್ನ ಕೇಳಿ!" ಎಂದು ಸಾರಿದರು. ಟೇಪಕ್ಕನ ಕಣ್ಣಲ್ಲಿ ಮತ್ತೆ ನೀರು, ಈ ಸಲ ಸಂತೋಷಕ್ಕೆ. ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯನ್ನೊಮ್ಮೆ ಉದ್ದಕ್ಕೂ ನೋಡಿದಳು.

"ರೀ, ಅಲ್ಲೊಂದು ಮೊಳೆ ಹೊಡೀರಿ."

"ಅದಕ್ಕೇನು ನೇತು ಹಾಕ್ತೀಯಾ?"

"ಅದನ್ನ ಆಮೇಲೆ ಯೋಚನೆ ಮಾಡ್ತೀನಿ. ಮೊದಲು ಹೊಡೀರಿ."