ಭಾವನ ಹೊಟ್ಟೆಯ ಮೇಲಿನ ಗಂಟೆ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ ನನ್ನ ಶಿಸ್ತಲ್ಲ, ಜಂಬ. ಬಿ.ಎ. ಪಾಸಾದದ್ದಕ್ಕೆ ಅಪ್ಪ ಕೊಡಿಸಿದ ಕೈಗಡಿಯಾರವನ್ನು ಕಾರಣವಿಲ್ಲದೆ ನೋಡುವ ಚಟ ನನಗಿತ್ತು. ಆಗಲೂ ದಾರಿ ನೋಡದೆ ಅದನ್ನೇ ನೋಡುತ್ತಿದ್ದೆ. ಎಸ್ಟೇಟಿನ ಲಾರಿ ಸಿದ್ದಾಪುರದ ಕಡೆಯಿಂದ ಹೊಳೆ ಬದಿಯ ತೋಟಕ್ಕೆ ಇಳಿಯುತ್ತಿತ್ತು. ಹಿಂದೆ ಕಾಫಿ ಹಣ್ಣು ಕುಯ್ಯುವ ಮೂವತ್ತೊಂದು ಹೆಂಗಸರು. ಬೆಳಿಗ್ಗೆ ಅವರ ಹೆಸರಿಗೆ ಹಾಜರಿ ಹಾಕಿದವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರಾದ ನಾನೇ. ಮುಂದೆ ನಾನು, ಮತ್ತು ಲಾರಿ ನಡೆಸುತ್ತಿದ್ದ ನನ್ನ ಅಕ್ಕನ ಗಂಡ ಬೆಳ್ಯಪ್ಪ ಭಾವ.

ಮೊದಲು ಒಂದು ಸದ್ದು ಕೇಳಿಸಿತು. ಗೇರು ಕೆಟ್ಟಿರಬೇಕು ಎಂದುಕೊಂಡೆ. ಯಂತ್ರದ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟೇ. ತಲೆಯೆತ್ತಿದರೆ ಕಾವೇರಿ ಗಾಜಿನಲ್ಲಿ ನೇರ ಎದುರಿಗಿತ್ತು, ರಸ್ತೆ ಎಡಕ್ಕೆ ಹೋಗಿತ್ತು, ಗೊರಕೆ ಹೊಡೆಯುತ್ತಿದ್ದದ್ದು ಗೇರಲ್ಲ, ಭಾವ. ಸ್ಟೀರಿಂಗನ್ನು ಎರಡು ಕೈಯಿಂದ ಹಿಡಿದು ನನ್ನ ಕಡೆಗೆ ಎಳೆದೆ. ಲಾರಿ ಒಂದು ಸಿಲ್ವರ್ ಓಕ್ ಮರವನ್ನು ಉಜ್ಜಿಕೊಂಡು ಹೋಗಿ ನಿಂತಿತು. ಇಳಿದು ನೋಡಿದರೆ ಬಲಗಡೆಯ ಮುಂದಿನ ಚಕ್ರದ ಕೆಳಗೆ ಅರ್ಧ ಮಣ್ಣು, ಅರ್ಧ ಗಾಳಿ.

ಹಿಂದಿನಿಂದ ಒಬ್ಬಳು ಕೂಗಿದಳು: "ಎಂಥ ಡ್ರೈವರಣ್ಣಾ, ಹೊಳೇಲಿ ಹೆಂಡ್ತಿ ಕಂಡ್ಲಾ?" ಉಳಿದವರು ನಕ್ಕರು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಚಕ್ರ ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಆ ನಗುವಿನ ಜಾಗದಲ್ಲಿ ಏನಿರುತ್ತಿತ್ತು ಎಂದು ಯೋಚಿಸದೆ ನಾನು ಇವತ್ತಿಗೂ ಮಧ್ಯಾಹ್ನದ ಊಟ ಮುಗಿಸಿದ್ದಿಲ್ಲ.

"ಭಾವ, ನೀವು ನಿದ್ದೆ ಮಾಡಿದ್ರಿ."

"ನಾನಾ? ಇಲ್ಲೆ ಮಾರಾಯ. ಕಣ್ಣಿಗೆ ಬಿಸಿಲು ಹೊಡ್ದದ್ದು." ಆಮೇಲೆ ಮೆಲ್ಲಗೆ, "ಅಕ್ಕಂಗೆ ಹೇಳ್ಬೇಡ. ಎಸ್ಟೇಟಿನ ದೊರೆಗಂತೂ ಬೇಡವೇ ಬೇಡ."

ಸುಳ್ಳು ಹೇಳುತ್ತಿರಲಿಲ್ಲ ಪಾಪ. ಮಲಗಿದವನಿಗೆ ತಾನು ಮಲಗಿದ್ದು ಗೊತ್ತಾಗುವುದು ಎದ್ದ ಮೇಲೆ; ಎದ್ದದ್ದೇ ಗೊತ್ತಾಗದಿದ್ದರೆ ಮಲಗಿದ್ದೂ ಇಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು ಇಂಥದ್ದನ್ನು ಒಂದು ಗಂಟೆ ಬಿಡಿಸಿ ಹೇಳುತ್ತಿದ್ದರು. ನಾವು ಅಷ್ಟರಲ್ಲಿ ನಿದ್ದೆ ಮಾಡಿ ಅದನ್ನು ರುಜುವಾತು ಮಾಡುತ್ತಿದ್ದೆವು.

ಭಾವನನ್ನು ಬೆನ್ನುನೋವಿನ ನೆಪದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಲಾರಿಯ ನಿದ್ದೆಯ ಸಂಗತಿಯನ್ನು ಗುಟ್ಟಾಗಿ ಹೇಳಿದೆ. ಡಾಕ್ಟರು ಅವನ ಕುತ್ತಿಗೆಯ ಸುತ್ತಳತೆ ನೋಡಿದರು, ಹೊಟ್ಟೆ ನೋಡಿದರು, ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದರು. ಅವನನ್ನು ಹೊರಗೆ ಕೂರಿಸಿ ನನ್ನನ್ನು ಕೇಳಿದರು: "ರಾತ್ರಿ ನಿದ್ದೆ ಹೇಗೆ?"

"ನಿದ್ದೆಯಲ್ಲಿ ಏನೂ ತೊಂದರೆಯಿಲ್ಲ ಸರ್. ಗೊರಕೆ ಆಚೆ ಕೂಲಿಗಳ ಲೈನಿಗೆ ಕೇಳಿಸ್ತದೆ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಇಲ್ಲಿ ಮಲಗಿಸಿದರೆ ಹೆದರಿ ಕಣ್ಣೇ ಮುಚ್ಚಲ್ಲ. ಮನೆಯಲ್ಲೇ ನೋಡಿ ರೈಟರೇ. ಪಕ್ಕದಲ್ಲಿ ಎಚ್ಚರವಾಗಿ ಕೂತು, ಉಸಿರು ಯಾವಾಗ ನಿಲ್ಲುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ, ಬರೆದು ತನ್ನಿ."

ಉಸಿರು ನಿಲ್ಲುವುದೆಂದರೆ ನಾನು ತಿಳಿದದ್ದು ಒಂದೇ ಸಲ ಆಗುವ ಸಂಗತಿ.

ಅಕ್ಕನಿಗೆ ಹೇಳಿದ್ದು ಇಷ್ಟೇ: ಭಾವನಿಗೆ ಹಗಲು ತೂಕಡಿಕೆ, ಡಾಕ್ಟರು ರಾತ್ರಿ ಕಾಯಲು ಹೇಳಿದ್ದಾರೆ. ಕಂಬಳಿಯ ಕೆಳಗೆ ಉಸಿರನ್ನು ಕಾಣುವುದು ಹೇಗೆ? ಅಕ್ಕ ಕೊಟ್ಟಿಗೆಗೆ ಹೋಗಿ ಕರುವಿನ ಕೊರಳಿನ ಪುಟ್ಟ ಗಂಟೆ ಬಿಚ್ಚಿ ತಂದಳು, ಬೂದಿಯಲ್ಲಿ ತಿಕ್ಕಿ ತೊಳೆದು ತನ್ನ ಹಳೇ ಸೀರೆಯ ಅಂಚಿಗೆ ಪೋಣಿಸಿ ಭಾವನ ಹೊಟ್ಟೆಗೆ ಕಟ್ಟಿದಳು. ಕಾಡಂಚಿಗೆ ದನ ಬಿಡುವ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿದ್ಯೆ ಇದು: ಕಣ್ಣಿಗೆ ಕಾಣದ ದನವನ್ನು ಕಿವಿಯಿಂದ ಕಾಯುವುದು.

"ನನ್ನನ್ನೂ ಮೇಯ್ಲಿಕೆ ಬಿಡ್ತೀಯಾ?" ಅಂದ ಭಾವ.

"ಮೇಯ್ದದ್ದು ಸಾಕು. ಮಲಗಿ," ಅಂದಳು ಅಕ್ಕ.

ಮೂರು ರಾತ್ರಿ ಕೂತೆವು. ಗಂಟೆ ಒಮ್ಮೆಯೂ ಪೂರ್ತಿ ನಿಲ್ಲಲಿಲ್ಲ. ಗೊರಕೆ ಆಗಾಗ ನಿಲ್ಲುತ್ತಿತ್ತು; ಆದರೆ ಗಂಟೆ ಕಿಣಿಕಿಣಿ ಎನ್ನುತ್ತಲೇ ಇರುತ್ತಿತ್ತು. ಅಕ್ಕನ ಮುಖ ಸಡಿಲವಾಯಿತು. "ಗಂಟೆ ಕೇಳ್ತಾ ಉಂಟಲ್ಲ, ಎಂಥದೂ ಇಲ್ಲೆ." ನಾನು ನೋಟ್ ಪುಸ್ತಕದಲ್ಲಿ 'ಸೊನ್ನೆ' ಎಂದು ಬರೆದೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಗೆ ಭಾವನೇ ಸಾಕ್ಷಿ ಎಂದು ನನಗೆ ನಾನೇ ಹೇಳಿಕೊಂಡೆ. ಗಾದೆಗಳು ನಮ್ಮನ್ನು ಮಲಗಿಸುವುದರಲ್ಲಿ ನಿಸ್ಸೀಮ.

ಡಾಕ್ಟರು ಪುಸ್ತಕ ನೋಡಿ, "ಹೊಟ್ಟೆ ಸರಿ. ಮೂಗು?" ಎಂದರು.

ಮೂಗಿಗೆ ಬೂರುಗದ ಹತ್ತಿಯ ಎಳೆ ಅಂಟಿಸಬೇಕಾಯಿತು. ಮೊದಲ ದಿನ ಜೇನಿನಿಂದ ಮೀಸೆಗೆ ಅಂಟಿಸಿದ್ದು ನನ್ನ ಬುದ್ಧಿ. ಹತ್ತಿಗಿಂತ ಮೊದಲು ಇರುವೆ ಕದಲಿತು. ಭಾವ ಎದ್ದು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಮರುದಿನ ಅನ್ನದ ಗಂಜಿ ಹಚ್ಚಿದೆವು. ಬುಡ್ಡಿ ದೀಪವನ್ನು ಹತ್ತಿರಕ್ಕೆ ತಂದೆ.

ಹತ್ತಿ ಒಳಕ್ಕೆ, ಹೊರಕ್ಕೆ ಆಡುತ್ತಿತ್ತು. ಗೊರಕೆ ಏರಿತು, ತಟಕ್ಕನೆ ನಿಂತಿತು. ಹತ್ತಿ ಕೆಳಗೆ ಜೋತುಬಿತ್ತು. ಅಲುಗಲಿಲ್ಲ. ಆದರೆ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು, ಗಂಟೆ ಮೊದಲಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ನಾನು ಗಡಿಯಾರ ನೋಡಿದೆ. ಹತ್ತು ಸೆಕೆಂಡು. ಇಪ್ಪತ್ತು. ಮೂವತ್ತೈದಕ್ಕೆ ಭಾವನ ತುಟಿಯ ಬಣ್ಣ ಆ ದೀಪದಲ್ಲೂ ಬದಲಾದದ್ದು ಕಂಡಿತು. ನಲವತ್ತೊಂದಕ್ಕೆ ನೀರಿನಿಂದ ಮೇಲೆ ಬಂದವನಂತೆ ಒಂದು ಸಲ ಉಸಿರು ಎಳೆದುಕೊಂಡು ಮತ್ತೆ ಗೊರಕೆ ಶುರುಮಾಡಿದ. ಎಚ್ಚರವಾಗಲಿಲ್ಲ. ಎರಡು ನಿಮಿಷಕ್ಕೆ ಅದೇ ಮತ್ತೆ.

ಅಕ್ಕ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದು ಸದ್ದು ನಿಲ್ಲಿಸಿದಳು. ಆಮೇಲೆ ಹೇಳಿದಳು: "ಉರುಳಿಗೆ ಸಿಕ್ಕಿದ ದನದ ಗಂಟೆಯೂ ಹೀಗೇ. ಸಿಕ್ಕಿದ ಮೇಲೆಯೇ ಜಾಸ್ತಿ ಬಾರ್ಸುದು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಕೇಳ್ತಾ ಕೂತೆ."

ಡಾಕ್ಟರು ಈ ಸಲ ಪುಸ್ತಕ ಮುಚ್ಚಿ ಮಾತಾಡಿದರು. ಅಂಗಾತ ಮಲಗಿದಾಗ ಗಂಟಲು ಮುಚ್ಚುತ್ತದೆ. ರಾತ್ರಿಯೆಲ್ಲ ಉಸಿರಿಗೆ ಗುದ್ದಾಡಿದ ದೇಹ ಹಗಲು ಸಿಕ್ಕಲ್ಲಿ ನಿದ್ದೆಯನ್ನು ಕಿತ್ತುಕೊಳ್ಳುತ್ತದೆ. ಮೈ ಇಳಿಸಬೇಕು, ಸಾರಾಯಿ ಬಿಡಬೇಕು, ಪಕ್ಕಕ್ಕೆ ಮಲಗಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. "ಅಲ್ಲಿವರೆಗೆ ಲಾರಿ ಮುಟ್ಟಬಾರದು. ನಿಮ್ಮ ದೊರೆಗೆ ನಾನು ಹೇಳ್ಲಾ, ನೀವು ಹೇಳ್ತೀರಾ?"

"ನಾನೇ ಹೇಳ್ತೇನೆ ಸರ್," ಅಂದೆ.

ಹೇಳಲಿಲ್ಲ. ಇನ್ನೊಂದೆರಡು ರಾತ್ರಿಯ ಲೆಕ್ಕ ಸಿಕ್ಕಲಿ, ಖಚಿತವಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಆರು ರಾತ್ರಿ ಬರೆದೆ. ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಸರಾಸರಿ ತೆಗೆದು, ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರೂ ತಪ್ಪು ಹಿಡಿಯದ ಹಾಗೆ ಬರೆದೆ. ಹಗಲು ಲಾರಿಯಲ್ಲಿ ಭಾವನ ಪಕ್ಕ ಕೂತು ಬಾಯಿಗೆ ಬಂದದ್ದು ಮಾತಾಡುತ್ತಿದ್ದೆ, ತಿರುವು ಬಂದಾಗ ತೊಡೆ ಚಿವುಟುತ್ತಿದ್ದೆ. ಹಿಂದೆ ಅದೇ ಮೂವತ್ತೊಂದು ಜನ. ಭಾವ ಪಕ್ಕಕ್ಕೆ ಮಲಗಲು ಒಪ್ಪುತ್ತಿರಲಿಲ್ಲ: "ಗಂಡಸು ಅಂಗಾತ ಮಲಗ್ಬೇಕು, ಪಕ್ಕಕ್ಕೆ ಮಲಗುದು ನಾಯಿ." ಅಳೆಯುವುದು ಹೇಳದಿರುವುದಕ್ಕೆ ಎಷ್ಟು ಮರ್ಯಾದಸ್ಥ ನೆಪವೆಂದು ನನಗೆ ಆಗ ತಿಳಿಯಿತು. ಹೆದರಿಕೆಗೆ ಓದು ಸಿಕ್ಕಿದರೆ ಅದು ಪುಸ್ತಕ ಬರೆಯುತ್ತದೆ.

ಏಳನೆಯ ರಾತ್ರಿ ಅಕ್ಕ ಕೇಳಿದಳು. "ಇಷ್ಟು ಬರ್ದಿಯಲ್ಲ ತಮ್ಮಾ, ಇದು ಯಾರಿಗೆ ತೋರ್ಸ್ಲಿಕೆ?"

ನಾನು ಪುಸ್ತಕ ಮುಚ್ಚಿದೆ. ಹೊಳೆಯ ತಿರುವಿನ ಕಥೆಯೆಲ್ಲ ಹೇಳಿಬಿಟ್ಟೆ.

"ಹಿಂದೆ ಎಷ್ಟು ಜನ ಇದ್ದರು?"

"ಮೂವತ್ತೊಂದು."

"ಅಷ್ಟೂ ಮನೇಲಿ ಮಕ್ಕಳುಂಟು," ಅಂದಳು, ದೀಪ ಸಣ್ಣ ಮಾಡಿದಳು.

ಬೆಳಿಗ್ಗೆ ಭಾವ ಏಳುವ ಮೊದಲೇ ಲಾರಿಯ ಕೀಲಿಕೈ ಸೆರಗಿನ ತುದಿಗೆ ಕಟ್ಟಿಕೊಂಡು ಬಂಗಲೆಗೆ ನಡೆದಳು. ನಾನು ನೋಟ್ ಪುಸ್ತಕ ಹಿಡಿದು ಹಿಂದೆ ಹಿಂದೆ ಓಡಿದೆ. ದೊರೆ ಅದನ್ನು ಬಿಚ್ಚಿಯೂ ನೋಡಲಿಲ್ಲ. ಅಕ್ಕ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೇಳಿದಳು: "ಇವರಿಗೆ ನಿದ್ದೇಲಿ ಉಸಿರು ಕಟ್ತದೆ, ಹಗಲು ಲಾರೀಲಿ ನಿದ್ದೆ ಬರ್ತದೆ. ಬೇರೆ ಕೆಲಸ ಕೊಡಿ ದೊರೆ."

ದೊರೆ ಕೆಟ್ಟವನಲ್ಲ. ಯೋಚಿಸಿ, "ಕಣದಲ್ಲಿ ರಾತ್ರಿ ಕಾವಲಿಗೆ ಜನ ಬೇಕು," ಅಂದ.

"ಅದೊಂದು ಬೇಡ," ಅಂದಳು ಅಕ್ಕ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಹಣ್ಣು ಅಳೆಯುವ ಕೆಲಸ ಸಿಕ್ಕಿತು. ಸಂಬಳ ಇಳಿಯಿತು. ಸ್ಟೀರಿಂಗ್ ಹಿಡಿದು ಹದಿನಾಲ್ಕು ವರ್ಷವಾದವನ ಮುಖ ಅದಕ್ಕಿಂತ ಹೆಚ್ಚು ಇಳಿಯಿತು. ಮಧ್ಯಾಹ್ನ ಬೇರೆ ಯಾರೋ ಹಾರ್ನ್ ಹೊಡೆದುಕೊಂಡು ಲಾರಿ ಇಳಿಸುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. ಸಂಜೆ ಊಟ ಮುಟ್ಟಲಿಲ್ಲ, ಸಾರಾಯಿಯನ್ನೂ ಮುಟ್ಟಲಿಲ್ಲ. "ಹೆಂಡ್ತಿ ಒಬ್ಬಳು, ಭಾಮೈದ ಒಬ್ಬ. ಹೊರಗೆ ಶತ್ರು ಯಾಕೆ ಬೇಕು?" ಎಂದು ಗೋಡೆಗೆ ಹೇಳಿದ. ಗಂಟೆಯನ್ನು ಕಟ್ಟಿಸಿಕೊಳ್ಳಲಿಲ್ಲ, ಹತ್ತಿಯನ್ನು ಕಿತ್ತೆಸೆದ, ನಮ್ಮ ಮುಖ ನೋಡಬಾರದೆಂದು ಬೆನ್ನು ತಿರುಗಿಸಿ, ಗೋಡೆಗೆ ಮೂಗು ತಾಗಿಸಿ, ಪಕ್ಕಕ್ಕೆ ಮಲಗಿದ.

ಅಕ್ಕ, ನಾನು ಒಬ್ಬರ ಮುಖ ಒಬ್ಬರು ನೋಡಿದೆವು. ಉಸಿರು ಬಂತು, ಹೋಯಿತು. ಬಂತು, ಹೋಯಿತು. ಗೊರಕೆಯಿಲ್ಲ, ತಡೆಯಿಲ್ಲ. ನಾನು ಎಣಿಸಲು ಶುರುಮಾಡಿದ್ದು ನೆನಪಿದೆ.

ಕಣ್ಣು ಬಿಟ್ಟಾಗ ಬಿಸಿಲು ಒಳಗೆ ಬಂದಿತ್ತು. ಭಾನುವಾರ. ಅಕ್ಕ ಆಗಷ್ಟೇ ಎದ್ದು ಕೂದಲು ಕಟ್ಟುತ್ತಿದ್ದಳು. ಭಾವ ಇನ್ನೂ ಗೋಡೆಯ ಕಡೆಗೇ ಇದ್ದ, ರಾತ್ರಿ ಬಿಟ್ಟ ಭಂಗಿಯಲ್ಲೇ, ಸಿಟ್ಟಾಗಿ, ಸುಖವಾಗಿ. ಎಬ್ಬಿಸಿ ಕ್ಷಮೆ ಕೇಳೋಣವೆಂದು ಎದ್ದೆ.

ಅಕ್ಕ ಕೈ ಹಿಡಿದು ಕೂರಿಸಿದಳು. "ಸಮಾಧಾನ ಮಾಡ್ಲಿಕೆ ಹೋಗ್ಬೇಡ. ಇನ್ನೂ ಒಂದು ತಿಂಗಳು ಕೋಪ ಇರ್ಲಿ."