ಕಲ್ಲು ಎಂದು ಹೇಳಿಕೊಂಡ ಆಪರೇಷನ್

ಮೊದಲು ಗೊತ್ತಾಗಿದ್ದು ಮೊಳಕಾಲ್ಮೂರಿನಲ್ಲಿ, ತವರುಮನೆಯ ಗುಂಡಿ ಮಗ್ಗದಲ್ಲಿ.

ತಮ್ಮನ ಹೆಂಡತಿ ಹೊಸ ಸೀರೆ ನೇಯಲು ಶುರು ಮಾಡಿದ್ದಳು. ಬಣ್ಣ ನೋಡೋಣವೆಂದು ನಾನು ಹುಡುಗಿಯಾಗಿದ್ದಾಗಿನಂತೆ ಮಗ್ಗದ ಮುಂದೆ ಕುಳಿತು, ಗುಂಡಿಯೊಳಗೆ ಕಾಲು ಇಳಿಬಿಟ್ಟೆ. ಲಾಳಿ ಎರಡು ಸಲ ಎಸೆದೆ. ಏಳಲು ಹೋದೆ. ಆಗಲಿಲ್ಲ. ಹೊಟ್ಟೆ ಮುಂದಿನ ಮರಕ್ಕೆ ಒತ್ತಿಕೊಂಡಿತ್ತು. ಮೊಣಕಾಲು ಮಡಚುತ್ತಿರಲಿಲ್ಲ. "ನಿದಾನಂಗಾ ವದಿನಾ", ನಿಧಾನ ಅತ್ತಿಗೆ, ಎಂದು ತೆಲುಗಿನಲ್ಲಿ ಹೇಳುತ್ತಾ ಅವಳೊಂದು ಕೈ, ತಮ್ಮನೊಂದು ಕೈ ಹಿಡಿದು ಎಳೆದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆಗ ನನ್ನ ತೂಕ ನೂರಾ ಹನ್ನೆರಡು ಕಿಲೋ. ವಯಸ್ಸು ನಲವತ್ತೊಂದು. ಶುಗರ್ ಬಂದು ಆರು ವರ್ಷವಾಗಿತ್ತು. ಹಾಡಹಗಲು ಕಾಳು ಸುಲಿಯುತ್ತಾ ಕುಳಿತಲ್ಲೇ ನಿದ್ದೆ ಹೋಗುತ್ತಿದ್ದೆ, ಕಾಳು ಮಡಿಲಿನಿಂದ ಉದುರಿದ ಸದ್ದಿಗೆ ಎಚ್ಚರವಾಗುತ್ತಿತ್ತು.

ಚಳ್ಳಕೆರೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಡಾಕ್ಟ್ರಮ್ಮನ ಕ್ಲಿನಿಕ್. ನನ್ನ ಇಬ್ಬರು ಹೆಣ್ಣುಮಕ್ಕಳ ಹೆರಿಗೆ ಮಾಡಿಸಿದವರು ಅವರೇ. ಹದಿನೇಳು ವರ್ಷದ ಪರಿಚಯ. ನಮ್ಮ ಮನೆಯ ಶೇಂಗಾ ಹೋಳಿಗೆ ಅವರಿಗೆ ಇಷ್ಟ. ಹಬ್ಬ ಬಂದರೆ ಮೊದಲ ಡಬ್ಬಿ ಅವರಿಗೇ ಹೋಗುತ್ತಿತ್ತು. ಪ್ರತಿ ತಿಂಗಳು ತೂಕ ನೋಡಿಸಿಕೊಳ್ಳುತ್ತಿದ್ದೆ. ಪ್ರತಿ ತಿಂಗಳೂ ಅದೇ ಮಾತು: ಅನ್ನ ಬಿಡಮ್ಮ, ವಾಕಿಂಗ್ ಮಾಡಮ್ಮ. ಅನ್ನ ಬಿಟ್ಟೆ. ಬೆಳಗ್ಗೆ ಎದ್ದು ನಾಯಕನಹಟ್ಟಿ ರಸ್ತೆಯಲ್ಲಿ ನಡೆದೆ. ಎಂಟು ಕಿಲೋ ಇಳಿಯಿತು, ಹತ್ತು ಏರಿತು. ಹೀಗೆ ನಾಲ್ಕು ಸಲ. ಪ್ರತಿ ಸಲವೂ ನಾನು ಏನೋ ಕದ್ದು ತಿಂದಿದ್ದೇನೆ ಎಂಬಂತೆ ಅವರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ನನಗೂ ಹಾಗೇ ಅನಿಸತೊಡಗಿತ್ತು. ತಿನ್ನದೆಯೂ ತಿಂದವಳ ಮುಖ ನನ್ನದಾಗಿತ್ತು.

ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡ ಮಾತು ಕಡಿಮೆ. ಮಗ್ಗದ ಗುಂಡಿಯ ಕತೆ ಕೇಳಿದ ಮೇಲೆ ದಾವಣಗೆರೆಯ ಸರ್ಜನ್ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಸರ್ಜನ್ ಚಿತ್ರ ಬರೆದು ತೋರಿಸಿದರು. ಹೊಟ್ಟೆಯೊಳಗಿನ ಚೀಲವನ್ನು ಕತ್ತರಿಸಿ ಬಾಳೆಹಣ್ಣಿನ ಗಾತ್ರಕ್ಕೆ ತರುತ್ತಾರೆ. ಹಸಿವು ಇಳಿಯುತ್ತದೆ, ಶುಗರ್ ಇಳಿಯಬಹುದು. ಜೀವನಪೂರ್ತಿ ವಿಟಮಿನ್, ಆಗಾಗ ರಕ್ತ ಪರೀಕ್ಷೆ. ಕೊನೆಗೊಂದು ಮಾತು ಹೇಳಿದರು: ಇದಾದ ಮೇಲೆ ನಿಮ್ಮೂರಿನಲ್ಲೇ ನಿಮ್ಮನ್ನು ನೋಡಿಕೊಳ್ಳುವ ಡಾಕ್ಟರೊಬ್ಬರು ಬೇಕು, ಅವರಿಂದ ಒಂದು ಕಾಗದ ತನ್ನಿ.

ನನಗೆ ಆ ಚಿಂತೆ ಇರಲಿಲ್ಲ. ಡಾಕ್ಟ್ರಮ್ಮ ಇದ್ದರಲ್ಲ.

ವಿಷಯ ಕೇಳಿ ಅವರು ಮೊದಲು ನಕ್ಕರು. ಬೆಂಚಿನ ಮೇಲೆ ಕುಳಿತಿದ್ದ ಇನ್ನಿಬ್ಬರು ಹೆಂಗಸರಿಗೂ ಕೇಳಿಸುವಂತೆ, ಬಾಯಿ ಕಟ್ಟಲು ಆಗದವರು ಹೊಟ್ಟೆ ಕೊಯ್ಸಿಕೊಳ್ಳುತ್ತಾರೆ ಎಂದರು. ನಾನು ಅವರ ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರ್ ನೋಡುತ್ತಿದ್ದೆ. ಹೆಂಗಸರು ಹೋದ ಮೇಲೆ ದನಿ ಇಳಿಸಿದರು.

"ನೋಡು ಹೇಮಾ, ನಿನ್ನಿಷ್ಟ. ಆದ್ರೆ ಊರಾಗೆ ಹೇಳ್ಬೇಡ. ಆಡ್ಕೋತಾರೆ. ಪಿತ್ತಕೋಶದ ಕಲ್ಲು ಅಂತ ಹೇಳು, ಹೊಟ್ಟೆ ಮೇಲೆ ತೂತುಗಳೂ ಹಂಗೇ ಇರ್ತವೆ. ಆಮೇಲಿಂದು ನಾನಿದೀನಲ್ಲ."

ನಾನಿದೀನಲ್ಲ. ಆ ಮಾತು ಕೇಳಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಕಾಗದವನ್ನು ಮಡಚಿ ಕೊಟ್ಟಿದ್ದರು, ಅಂಟಿಸಿರಲಿಲ್ಲ. ಬೇರೆಯವರ ಕಾಗದ ಓದಬಾರದು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಆದರೆ ಇದು ನನ್ನದೇ ಹೊಟ್ಟೆಯ ಕಾಗದ. ಬಸ್ಸಿನಲ್ಲಿ ತೆಗೆದು ಓದಿದೆ. ಚಂದದ ಇಂಗ್ಲಿಷು. ರೋಗಿ ಹೇಳಿದ ಮಾತು ಕೇಳುವುದಿಲ್ಲ, ಡಯಟ್‌ ಅನ್ನು ಎಂದೂ ಗಂಭೀರವಾಗಿ ಮಾಡಿಲ್ಲ, ಸುಲಭದ ದಾರಿ ಹುಡುಕುತ್ತಿದ್ದಾರೆ, ದಯವಿಟ್ಟು ತಿಳಿಹೇಳಿ ವಾಪಸ್ ಕಳಿಸಿ ಎಂದಿತ್ತು. ಕೆಳಗೆ ಅವರ ಸಹಿ. ಹದಿನೇಳು ವರ್ಷದಲ್ಲಿ ನಾನು ಎಲ್ಲಿ ಓದಿದೆ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಮುದ್ದೆ ತೊಳಸುವ ಹೆಂಗಸು ಇಂಗ್ಲಿಷ್ ಓದಲಾರಳು ಎಂದುಕೊಂಡಿರಬೇಕು.

ಮತ್ತೆ ಮಡಚಿದೆ. ಅವರು ಮಡಚಿದ್ದ ಗೆರೆಯ ಮೇಲೇ ಮಡಚಿದೆ.

ಸರ್ಜನ್ ಅದನ್ನು ಓದಿ, ನನ್ನನ್ನು ನೋಡಿ, ಎಷ್ಟು ಸಲ ತೂಕ ಇಳಿಸಿದ್ದಿರಿ ಎಂದಷ್ಟೇ ಕೇಳಿದರು. ನಾಲ್ಕು ಸಲ ಎಂದೆ. ಅದನ್ನೇ ಫೈಲಿನಲ್ಲಿ ಬರೆದುಕೊಂಡರು. ಇದು ಕಾಯಿಲೆ, ನಿಮ್ಮ ತಪ್ಪಲ್ಲ ಎಂದರು. ಒಬ್ಬ ಡಾಕ್ಟರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಂಬಲು ಧೈರ್ಯ ಸಾಲಲಿಲ್ಲ.

ಆ ಕಾಗದವನ್ನು ಬದಿಗಿಟ್ಟು ಸರ್ಜನ್ ದಿನ ಕೊಟ್ಟರು. ಆಪರೇಷನ್ ಚೆನ್ನಾಗಿ ಆಯಿತು. ಐದು ಸಣ್ಣ ತೂತುಗಳು. ಊರಿಗೆ ಬಂದು ಎಲ್ಲರಿಗೂ ಕಲ್ಲು ಎಂದೆವು. ಕಾಗದ ಓದಿದ ಮೇಲೂ ಡಾಕ್ಟ್ರಮ್ಮ ಕಲಿಸಿಕೊಟ್ಟ ಸುಳ್ಳನ್ನೇ ಹೇಳಿದೆ. ನಾಚಿಕೆ ನನ್ನದಾಗಿತ್ತಲ್ಲ. ಒಂದೇ ಮನೆಯಲ್ಲಿದ್ದ ಅತ್ತೆಗೂ ಹೇಳಲಿಲ್ಲ.

ಹದಿನಾರನೆಯ ದಿನ. ಬರೀ ಗಂಜಿ ತಿಳಿ, ಬೇಳೆಕಟ್ಟು ಕುಡಿಯುತ್ತಿದ್ದೆ. ಅತ್ತೆಗೆ ನೋಡಲಾಗಲಿಲ್ಲ. ಮಧ್ಯಾಹ್ನ ಬಿಸಿಬಿಸಿ ಮುದ್ದೆ, ಸೊಪ್ಪಿನ ಸಾರು ತಂದು ಎದುರಿಗಿಟ್ಟರು. "ಎದ್ರುಮನೆ ಗಿರಿಜಮ್ಮ ಕಲ್ಲು ತೆಗೆಸ್ಕೊಂಡು ನಾಕನೇ ದಿನಕ್ಕೇ ಮುದ್ದೆ ಉಂಡಿದ್ಲು. ನೀನು ಇನ್ನೂ ನೀರು ಕುಡ್ಕಂಡು ಕುಂತಿದೀಯ. ಮೈಯಾಗೆ ಏನೈತೆ ನೋಡ್ಕ. ನಾಕು ತುತ್ತು ನುಂಗು." ಬೇಡ ಎನ್ನಲು ಕಾರಣ ಬೇಕಿತ್ತು. ನನ್ನ ಹತ್ತಿರ ಇದ್ದ ಕಾರಣವನ್ನು ಹೇಳುವಂತಿರಲಿಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಬಾಳೆಹಣ್ಣಿನಷ್ಟು ಚೀಲದೊಳಗೆ, ಹೊಲಿಗೆ ಇನ್ನೂ ಮಾಯದ ಚೀಲದೊಳಗೆ, ಮೂರು ತುತ್ತು ನುಂಗಿದೆ.

ಎದೆಯಲ್ಲಿ ಯಾರೋ ಕಲ್ಲಿಟ್ಟು ಜಜ್ಜಿದಂತಾಯಿತು.

ಮಾರನೆಯ ದಿನದವರೆಗೂ ವಾಂತಿ. ನೀರು ಕೂಡ ನಿಲ್ಲಲಿಲ್ಲ. ತುಟಿ ಒಡೆಯಿತು. ಗಂಡ ನನ್ನನ್ನು ಆಟೋದಲ್ಲಿ ಡಾಕ್ಟ್ರಮ್ಮನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ನಾನು ಬೆಂಚಿನ ಮೇಲೆ ವಾಲಿ ಕುಳಿತಿದ್ದೆ. ಅವರು ಬಾಗಿಲವರೆಗೆ ಬಂದರು. ಬಾಗಿಲು ದಾಟಲಿಲ್ಲ. ನನ್ನ ನಾಡಿ ಹಿಡಿಯಲಿಲ್ಲ. ಅವರ ಕೈಯಲ್ಲಿ ಪೆನ್ನಿತ್ತು, ಅದರ ಮುಚ್ಚಳ ಹಾಕಿದರು.

"ಎಲ್ಲಿ ಕೊಯ್ಸ್ಕೊಂಡ್ಯೋ ಅಲ್ಲಿಗೇ ಹೋಗಮ್ಮ. ಇದಕ್ಕೆ ನಾನು ಕೈ ಹಾಕಲ್ಲ. ನಾನೇನ್ ಮಾಡು ಅಂತ ಹೇಳಿದ್ನಾ?"

ಒಂದು ಡ್ರಿಪ್ ಆದರೂ ಹಾಕಿ ಕಳಿಸಿ ಎಂದು ನನ್ನ ಗಂಡ ಕೇಳಿದರು. ಯಾರನ್ನೂ ಬೇಡಿದವರಲ್ಲ ಅವರು. ಡಾಕ್ಟ್ರಮ್ಮ ನರ್ಸ್‌ಗೆ ಮುಂದಿನ ಪೇಷೆಂಟ್‌ ಕರೆಯಲು ಹೇಳಿದರು.

ದಾವಣಗೆರೆ ತಲುಪಲು ಎರಡು ಗಂಟೆಯ ಮೇಲಾಯಿತು. ದಾರಿಯುದ್ದಕ್ಕೂ ಮಡಿಲಲ್ಲಿ ಪ್ಲಾಸ್ಟಿಕ್ ಮಗ್ ಹಿಡಿದಿದ್ದೆ. ಸ್ಕ್ಯಾನ್ ಆಯಿತು. ಹೊಲಿಗೆ ಬಿಟ್ಟಿರಲಿಲ್ಲ. ಡ್ರಿಪ್, ಇಂಜೆಕ್ಷನ್, ಮೂರು ದಿನ ವಾರ್ಡು. ಸರ್ಜನ್ ಅಂದು ಮಾತ್ರ ಗದರಿದರು.

"ನಿಮಗೆ ಊಟ ಬಡಿಸೋರಿಗೇ ಹೇಳಿಲ್ವಾ?"



ಮನೆಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಕರುಳಿನ ನಂಜು ಎಂದು ಇನ್ನೊಂದು ಸುಳ್ಳು ಸೇರಿಸಿದೆವು. ತಾನು ಮಾಡಿದ ಮುದ್ದೆಯಿಂದಲೇ ನಾನು ಆಸ್ಪತ್ರೆ ಸೇರಿದೆ ಎಂಬುದು ಅತ್ತೆಗೆ ಗೊತ್ತಾಗಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡಾಕ್ಟ್ರಮ್ಮನ ಮೇಲೆ ನನಗಿದ್ದ ಸಿಟ್ಟು ಬೆಳೆಯುತ್ತಲೇ ಇತ್ತು. ಅದೇ ಹೊತ್ತಿಗೆ ಅವರು ನನಗೆ ಮಾಡಿದ್ದನ್ನು, ಎದುರಿಗೊಂದು ಹೇಳಿ ನಿಜ ಮುಚ್ಚಿಡುವುದನ್ನು, ನಾನು ಅತ್ತೆಗೆ ಮಾಡುತ್ತಿದ್ದೆ. ಇದು ಹೊಳೆಯಲು ನನಗೆ ತಿಂಗಳುಗಳೇ ಬೇಕಾದವು.

ಹತ್ತು ತಿಂಗಳಿಗೆ ಎಪ್ಪತ್ತೊಂಬತ್ತು ಕಿಲೋ. ಶುಗರ್ ಮಾತ್ರೆ ಮೂರರಿಂದ ಒಂದಕ್ಕೆ ಇಳಿಯಿತು. ಕೂದಲು ಹಿಡಿ ಹಿಡಿಯಾಗಿ ಉದುರಿತು, ಆಮೇಲೆ ನಿಂತಿತು. ಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು. ಬೀದಿಯವರು ಗುರುತು ಹಿಡಿಯದೆ ಮುಂದೆ ಹೋಗಿ ತಿರುಗಿ ನೋಡುತ್ತಿದ್ದರು.

ಒಂದು ಸಂಜೆ ಶಬಾನಾ ಮನೆಗೆ ಬಂದಳು. ಅವಳ ಗಂಡ ಬಸ್‌ಸ್ಟ್ಯಾಂಡ್ ಹತ್ತಿರ ಮೆಕ್ಯಾನಿಕ್, ನಮ್ಮವರ ಪರಿಚಯ. ಮೂವತ್ತರ ಹುಡುಗಿ, ನನ್ನ ಹಳೆಯ ಮೈಯೇ ಅವಳಿಗಿತ್ತು. ಕೈಯಲ್ಲಿ ಮಗುವಿನ ಸ್ಕೂಲ್ ನೋಟ್‌ಬುಕ್.

"ಅಕ್ಕಾ, ಡಾಕ್ಟರ್ ಮೇಡಂ ಕಳಿಸಿದ್ರು. ನೀವು ಹೆಂಗ್ ಸಣ್ಣ ಆದ್ರಿ ಕೇಳ್ಕೊಂಡು ಬಾ ಅಂದ್ರು. ಹೇಮಾನ್ನ ನೋಡು, ನಾನ್ ಹೇಳ್ದಂಗೆ ಅನ್ನ ಬಿಟ್ಲು, ವಾಕಿಂಗ್ ಮಾಡಿದ್ಲು, ಬಾಯಿ ಕಟ್ಟಿದ್ಲು ಅಂತಾರೆ. ನಂಗೆ ನಾಚ್ಕೆನೇ ಇಲ್ವಂತೆ."

ನೋಟ್‌ಬುಕ್ ತೆರೆದು, ಮೇಲೆ ದಿನದ ಊಟ ಎಂದು ಬರೆದು, ಅಡಿಗೆರೆ ಎಳೆದಳು. ಅವಳ ಬೆರಳು ನಡುಗುತ್ತಿದ್ದವು. ಬೆಳಗಿನಿಂದ ಏನು ತಿಂದೆ ಎಂದು ಕೇಳಿದೆ. ಎರಡು ಟೊಮೆಟೊ, ಒಂದು ಲೋಟ ಮಜ್ಜಿಗೆ. ಹಿಂದಿನ ವಾರ ನಲ್ಲಿಯ ಹತ್ತಿರ ತಲೆ ತಿರುಗಿ ಬಿದ್ದಿದ್ದಳಂತೆ. ಅವಳಿಗೂ ಶುಗರ್ ಇತ್ತು, ಅದರ ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ.

ನನ್ನನ್ನು ಮುಟ್ಟಲು ಒಲ್ಲದ ಡಾಕ್ಟ್ರಮ್ಮ ನನ್ನ ತೂಕವನ್ನು ಮಾತ್ರ ತಮ್ಮದು ಮಾಡಿಕೊಂಡಿದ್ದರು. ನಾನು ಬಾಯಿ ಬಿಡಲಾರೆ ಎಂದು ಅವರಿಗೆ ಖಾತ್ರಿಯಿತ್ತು. ಸುಳ್ಳು ಕಲಿಸಿದವರೇ ಅವರಲ್ಲವೇ. ಮತ್ತು ಅದೇ ಸುಳ್ಳಿನಿಂದ ಈ ಹುಡುಗಿಯನ್ನು ಹೊಡೆಯುತ್ತಿದ್ದರು.

ಅತ್ತೆ ನಡುಮನೆಯಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದರು. ಶಬಾನಾಗೆ ಹೇಳಿದರೆ ಅವರಿಗೂ ಹೇಳಿದಂತೆ.

"ನಾನು ಬಾಯಿ ಕಟ್ಟಿ ಸಣ್ಣ ಆಗಲಿಲ್ಲ ಶಬಾನಾ. ದಾವಣಗೆರೆಯಲ್ಲಿ ಆಪರೇಷನ್ ಮಾಡಿಸ್ಕೊಂಡೆ. ಹೊಟ್ಟೆ ಚೀಲ ಕತ್ತರಿಸಿದಾರೆ."

ಮೊರದಲ್ಲಿ ಆಡುತ್ತಿದ್ದ ಅತ್ತೆಯ ಬೆರಳು ನಿಂತಿತು. ಶಬಾನಾ ಪೆನ್ನು ಕೆಳಗಿಟ್ಟಳು.

"ಮೇಡಂಗೆ ಗೊತ್ತಿಲ್ವಾ ಅಕ್ಕಾ?"

"ಗೊತ್ತು."

ಅವಳಿಗೆ ಮೊದಲು ಎರಡು ಬಿಸ್ಕತ್ತು, ಟೀ ಕೊಟ್ಟೆ. ಎಲ್ಲವನ್ನೂ ಹೇಳಿದೆ, ಹೆದರಿಕೆ, ವಾಂತಿ, ಕೂದಲು ಎಲ್ಲ. ಆಪರೇಷನ್ ಮಾಡಿಸಿಕೋ ಎಂದು ಹೇಳಲಿಲ್ಲ. ಊಟ ಬಿಟ್ಟು ಮಾತ್ರೆ ನುಂಗಬೇಡ, ಬೇರೆ ಒಬ್ಬ ಡಾಕ್ಟರನ್ನು ಕೇಳು ಎಂದೆ. ಸರ್ಜನ್ ನಂಬರನ್ನು ಆ ನೋಟ್‌ಬುಕ್ಕಿನಲ್ಲೇ ಬರೆದುಕೊಟ್ಟೆ.

ಅತ್ತೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನು ಮೊಮ್ಮಗಳ ಕೈಲಿ ಹೇಳಿ ಕಳಿಸುತ್ತಿದ್ದರು. ನಾಲ್ಕನೆಯ ದಿನ ಪಕ್ಕದಲ್ಲಿ ಬಂದು ಕುಳಿತರು.

"ನಂಗೆ ಹೇಳಿದ್ರೆ ನಾನು ಬ್ಯಾಡ ಅಂತಿದ್ನಾ?"

"ಅಂತಿದ್ರಿ ಅತ್ತೆ."

"ಹೌದು, ಅಂತಿದ್ದೆ" ಎಂದರು. "ಆದ್ರೂ ಮುದ್ದೆ ಹಾಕ್ತಿರ್ಲಿಲ್ಲ ಕಣೆ."

ಡಾಕ್ಟ್ರಮ್ಮನ ಕ್ಲಿನಿಕ್ಕಿಗೆ ನಾನು ಮತ್ತೆ ಹೋಗಿಲ್ಲ. ಆ ಬೀದಿಯಲ್ಲಿ ಹೋಗುವಾಗ ಇವತ್ತಿಗೂ ಸಿಟ್ಟಿಗಿಂತ ದುಃಖವೇ ಹೆಚ್ಚು. ನನ್ನ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅದು. ಶಬಾನಾ ದಾವಣಗೆರೆಗೆ ಹೋಗಿಬಂದಳು. ಇನ್ನೂ ಏನೂ ನಿರ್ಧಾರವಾಗಿಲ್ಲ. ಮಾತ್ರೆ ಬದಲಾಗಿದೆ, ಊಟ ಮಾಡುತ್ತಿದ್ದಾಳೆ.

ನನಗೆ ಊರಿನಲ್ಲಿ ಒಬ್ಬ ಡಾಕ್ಟರು ಬೇಕೇ ಬೇಕು. ಹೋದ ವಾರ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಹೊಸದಾಗಿ ಬಂದ ಡಾಕ್ಟರು, ಚಿಕ್ಕ ವಯಸ್ಸು. ಕುಳಿತ ತಕ್ಷಣ ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಗಲಿಲ್ಲ, ಕನ್ನಡಕದ ಮೇಲಿಂದ ನೋಡಲೂ ಇಲ್ಲ. "ಇಂಥ ಪೇಷೆಂಟ್‌ನ ನಾನು ನೋಡಿಲ್ಲಮ್ಮ. ಫೈಲ್ ಬಿಟ್ಟು ಹೋಗಿ, ಓದ್ತೀನಿ. ನಿಮ್ಮ ಸರ್ಜನ್‌ಗೂ ಫೋನ್ ಮಾಡ್ತೀನಿ. ಸೋಮವಾರ ಬನ್ನಿ" ಎಂದರು.

ಫೈಲು ಬಿಟ್ಟು ಬಂದಿದ್ದೇನೆ. ಸೋಮವಾರ ಹೋಗಬೇಕು.